ಸಗಟು ಮಾರುಕಟ್ಟೆ ರಿಸ್ಕನ್ನ ಮನೆ ಮೀಟರ್‌ಗೆ ಕಟ್ಬೇಡಿ: ವಿದ್ಯುತ್ ದರ ತೀರ್ಮಾನ ಮಾಡೋರಿಗೆ ಒಂದು ಬಹಿರಂಗ ಪತ್ರ

ವಿದ್ಯುತ್ ನಿಯಂತ್ರಣ ಆಯೋಗಗಳಲ್ಲಿ ಕೂತು ಆದೇಶ ಬರೆಯೋರಿಗೆ, ಇಂಧನ ಇಲಾಖೆ ನಡೆಸೋ ಮಂತ್ರಿಗಳಿಗೆ, ಅಧಿಕಾರಿಗಳಿಗೆ, ಮತ್ತೆ ತಿಂಗಳಾ ತಿಂಗಳಾ ಬಿಲ್ ಕಟ್ಟೋ ನಮ್ಮೆಲ್ಲರಿಗೂ,

ನಮಸ್ಕಾರ.

ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಕೇಳಿದಾಗೆಲ್ಲ ಸಿಗೋ ಉತ್ತರ ಒಂದೇ, ಮಾರ್ಕೆಟ್‌ನಲ್ಲಿ ರೇಟ್ ಏರಿದೆ, ನಾವೇನ್ ಮಾಡೋಕಾಗತ್ತೆ. ಉತ್ತರ ಸುಳ್ಳಲ್ಲ, ಆದ್ರೆ ಅರ್ಧ ಅಷ್ಟೇ. ಆ ಮಾರ್ಕೆಟ್ ಯಾವ್ದು, ಅಲ್ಲಿ ರೇಟ್ ಹೇಗೆ ಹುಟ್ಟತ್ತೆ, ಅಲ್ಲಿಂದ ಮನೆ ಬಿಲ್ ತನಕ ಯಾರ್ಯಾರ ಕೈ ದಾಟಿ ಬರತ್ತೆ, ಏರಿದ ರೇಟಿನ ಹೊರೆ ಯಾರು ಹೊರಬೇಕು ಅಂತ ತೀರ್ಮಾನ ಮಾಡಿದ್ದು ಯಾರು, ಇದನ್ನ ಮಾತ್ರ ಯಾರೂ ಹೇಳಲ್ಲ. ರೇಟ್ ಏರೋದು ನಿಮ್ಮ ಕೈಲಿಲ್ಲ ನಿಜ, ಆದ್ರೆ ಏರಿದ್ದು ಎಷ್ಟು ಬೇಗ, ಎಷ್ಟು ಪಾಲು, ಯಾರ ಮನೆಗೆ ಬಂದು ಮುಟ್ಟಬೇಕು ಅನ್ನೋದನ್ನ ತೀರ್ಮಾನ ಮಾಡೋದು ನಿಯಮ, ಆ ನಿಯಮ ಬರೆಯೋರು ನೀವು. ಅದಕ್ಕೇ ಈ ಪತ್ರ ನಿಮಗೆ.

ಮೊದಲು ರೇಟ್ ಹುಟ್ಟೋ ಜಾಗದ ವಿಷ್ಯ. ನಿಮಗೆ ಇದು ಗೊತ್ತಿರೋದೇ, ಆದ್ರೆ ಬಿಲ್ ಕಟ್ಟೋ ತುಂಬಾ ಜನಕ್ಕೆ ಗೊತ್ತಿಲ್ಲ, ಅವರೂ ಈ ಪತ್ರ ಓದ್ತಿದಾರೆ ಅಂದ್ಕೊಂಡು ಬರೀತೀನಿ. ಕರೆಂಟು ಗೋಡೌನ್‌ನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯೋ ಸರಕಲ್ಲ, ಬ್ಯಾಟರಿಗಳು ಎಷ್ಟೇ ಬಂದಿದ್ರೂ ಇವತ್ತಿಗೂ ಬಹುಪಾಲು ಕರೆಂಟು ತಯಾರಾದ ಕ್ಷಣದಲ್ಲೇ ಖರ್ಚಾಗ್ಬೇಕು, ಬೇಡಿಕೆಗೆ ಪೂರೈಕೆ ಕ್ಷಣ ಕ್ಷಣಕ್ಕೂ ಸಮ ಇರ್ಬೇಕು, ಇಲ್ಲಾಂದ್ರೆ ಗ್ರಿಡ್ಡೇ ಕೂತ್ಕೊಳತ್ತೆ. ಹಾಗಾಗಿ ನಾಳೆಯ ಕರೆಂಟಿಗೆ ಇವತ್ತೇ ಹರಾಜು ನಡೆಯತ್ತೆ, ಇದೇ ಸಗಟು ಮಾರುಕಟ್ಟೆ, ಗಂಟೆ ಗಂಟೆಗೆ ಬೇರೆ ರೇಟು, ಕೆಲವು ಕಡೆ ಹದಿನೈದು ನಿಮಿಷಕ್ಕೊಂದು ರೇಟು. ಪ್ರತಿ ಸ್ಥಾವರವೂ ನಾನು ಇಷ್ಟಕ್ಕೆ ಕೊಡ್ತೀನಿ ಅಂತ ಹೇಳತ್ತೆ, ಅಗ್ಗದವ್ರನ್ನ ಮೊದಲು ತಗೊಂಡು ಬೇಡಿಕೆ ತುಂಬೋ ತನಕ ಮೇಲಕ್ಕೆ ಹೋಗ್ತಾರೆ, ಬಿಸಿಲು ಗಾಳಿ ನೀರು ಮೊದಲು, ಆಮೇಲೆ ಅಣು, ಕಲ್ಲಿದ್ದಲು, ಕೊನೇಲಿ ಗ್ಯಾಸು, ಹೀಗೆ ಹೆಚ್ಚು ಕಮ್ಮಿ. ಕೊನೇಲಿ ಬೇಕಾದ ಆ ಸ್ಥಾವರ ಯಾವ ರೇಟ್ ಕೇಳಿತ್ತೋ ಆ ಗಂಟೇಲಿ ಅದೇ ರೇಟ್ ಎಲ್ಲರಿಗೂ ಸಿಗತ್ತೆ, ಇಂಧನದ ಖರ್ಚೇ ಇಲ್ಲದ ಸೋಲಾರ್‌ಗೂ ಸಿಗತ್ತೆ, ಮೂವತ್ತು ವರ್ಷದ ಹಿಂದೆ ಕಟ್ಟಿ ಸಾಲ ಎಲ್ಲ ತೀರಿಸ್ಕೊಂಡಿರೋ ಡ್ಯಾಮಿಗೂ ಸಿಗತ್ತೆ.

ಈ ಪದ್ಧತೀನ ಕಳ್ಳತನ ಅಂತ ನಾನು ಕರೆಯಲ್ಲ. ಅಗ್ಗದ ಸ್ಥಾವರ ಮೊದಲು ಓಡೋ ಹಾಗೆ ಮಾಡೋದಕ್ಕೆ, ಯಾವಾಗ ಕೊರತೆ ಇದೆ ಅಂತ ಎಲ್ಲರಿಗೂ ತಿಳಿಸೋದಕ್ಕೆ ಇದು ಒಳ್ಳೇ ಉಪಾಯ, ಚಿಲಿ ದೇಶ 1982ರಲ್ಲಿ ಕಾನೂನು ಮಾಡಿ ಈ ದಾರಿ ಹಿಡಿದ ಮೇಲೆ, ಇಂಗ್ಲೆಂಡು, ನಾರ್ವೆ 1990ರ ದಶಕದ ಶುರುವಲ್ಲಿ ಬಂದ ಮೇಲೆ, ಪ್ರಪಂಚದ ಎಷ್ಟೋ ದೇಶಗಳು ಹಿಂದೆ ಹೋಗಿದ್ದು ಸುಮ್ನೆ ಅಲ್ಲ. ಆದ್ರೆ ಇದರಲ್ಲಿ ಒಂದು ಗುಣ ಇದೆ, ಅದನ್ನ ಮನೆಗ್ರಾಹಕರ ಕಡೆಯಿಂದ ನೋಡ್ಲೇಬೇಕು. ಒಟ್ಟು ಕರೆಂಟಲ್ಲಿ ಗ್ಯಾಸಿನ ಪಾಲು ಸಣ್ಣದೇ ಇರಬಹುದು, ಆದ್ರೂ ಆ ಗಂಟೆಯ ರೇಟ್ ಅದೇ ತೀರ್ಮಾನ ಮಾಡಿಬಿಡತ್ತೆ. ಯುರೋಪಿನಲ್ಲಿ 2022ರಲ್ಲಿ ಆಗಿದ್ದು ಇದೇ. ರಷ್ಯಾ ಗ್ಯಾಸ್ ಕಡಿಮೆ ಮಾಡ್ತಾ ಬಂತು, ಆಗಸ್ಟ್ ಹೊತ್ತಿಗೆ ಅಲ್ಲಿನ ಗ್ಯಾಸ್ ರೇಟ್ ಮೆಗಾವ್ಯಾಟ್ ಅವರ್‌ಗೆ 300 ಯೂರೋ ದಾಟಿತು, ಅದರ ಹಿಂದೇನೇ ಕರೆಂಟ್ ರೇಟೂ ಹಾರ್ತು. ಗಾಳಿಯಂತ್ರದ ಖರ್ಚು ಒಂದು ಪೈಸೆ ಏರಿರ್ಲಿಲ್ಲ. ಕೊನೆಗೆ ಯುರೋಪಿಯನ್ ಯೂನಿಯನ್ ತಾನೇ ಆ ವರ್ಷ ನಿಯಮ ತಂದು, ಗ್ಯಾಸ್ ಬಳಸದೇ ಇರೋ ಉತ್ಪಾದಕರಿಗೆ 180 ಯೂರೋ ಮೇಲಿನ ಆದಾಯ ಉಳಿಯೋ ಹಾಗಿಲ್ಲ, ಹೆಚ್ಚುವರಿ ಗ್ರಾಹಕರ ಸಹಾಯಕ್ಕೆ ಹೋಗಬೇಕು ಅಂತ ಹೇಳ್ಬೇಕಾಯ್ತು. ಒಂದು ಮೆಗಾವ್ಯಾಟ್ ಅವರ್ ಅಂದ್ರೆ ನಮ್ಮ ಬಿಲ್ಲಿನ ಸಾವಿರ ಯೂನಿಟ್, ಸಾವಿರದಿಂದ ಭಾಗಿಸಿ ನೋಡಿದ್ರೆ ಯೂನಿಟ್ ರೇಟ್ ಸಿಗತ್ತೆ, ಪೇಪರ್ ಓದೋವಾಗ ಇದು ನೆನಪಿದ್ರೆ ಸಾಕು, ಅರ್ಧ ಗೊಂದಲ ಹೋಗತ್ತೆ.

ಇನ್ನು ಆ ರೇಟ್ ಮನೆಗೆ ಬರೋ ದಾರಿ. ಬಿಲ್‌ನಲ್ಲಿ ಸಗಟು ಕರೆಂಟಿನ ಖರ್ಚು ಒಂದು ಭಾಗ ಮಾತ್ರ, ಲೈನು, ಟ್ರಾನ್ಸ್‌ಫಾರ್ಮರ್, ದಾರೀಲಿ ಸೋರಿಹೋಗೋ ನಷ್ಟ, ತೆರಿಗೆ, ಕಂಪನಿಯ ಆಡಳಿತ ಇದೆಲ್ಲ ಬೇರೆ. ಅದಕ್ಕೇ ಸಗಟು ರೇಟ್ ಎರಡು ಪಟ್ಟಾದ್ರೆ ಬಿಲ್ ಎರಡು ಪಟ್ಟಾಗ್ಬೇಕಿಲ್ಲ, ಹಾಗೇ ಸಗಟು ರೇಟ್ ಅರ್ಧ ಆದ್ರೆ ಬಿಲ್ ಅರ್ಧ ಆಗೋದೂ ಇಲ್ಲ. ನಿಜವಾದ ವ್ಯತ್ಯಾಸ ಬರೋದು ನಮಗೆ ಕರೆಂಟ್ ಕೊಡೋ ಕಂಪನಿ ಅದನ್ನ ಹೇಗೆ ಕೊಂಡ್ಕೊಂಡಿದೆ ಅನ್ನೋದ್ರಿಂದ. ವರ್ಷಗಟ್ಟಲೆ ಮುಂಚೇನೇ ಒಪ್ಪಂದ ಮಾಡ್ಕೊಂಡು ರೇಟ್ ಲಾಕ್ ಮಾಡಿದ್ರೆ ಬಿರುಗಾಳಿ ಬಂದ್ರೂ ಒಂದಷ್ಟು ತಡ್ಕೊಳತ್ತೆ, ಏನೂ ಮಾಡದೆ ದಿನದಿನದ ಸ್ಪಾಟ್ ಮಾರ್ಕೆಟ್ ನಂಬ್ಕೊಂಡಿದ್ರೆ ಒಂದು ಕೆಟ್ಟ ವಾರ ಸಾಕು ಮುಳುಗೋಕೆ. ಈ ಮುಂಚಿತ ಖರೀದಿಗೆ ಹೆಡ್ಜಿಂಗ್ ಅಂತಾರೆ. ಮನೆ ಬಿಲ್ಲಿನ ಹಣೆಬರಹ ಇಲ್ಲೇ ಬರೆಯೋದು, ಆದ್ರೆ ಯಾವ ಬಿಲ್‌ನಲ್ಲೂ ಇದರ ಬಗ್ಗೆ ಒಂದು ಸಾಲು ಇರಲ್ಲ.

ಇದನ್ನ ಅರ್ಥ ಮಾಡ್ಕೊಳೋಕೆ ಮೂರು ಕಡೆ ಆಗಿದ್ದನ್ನ ನೀವೂ ಮತ್ತೆ ಓದ್ಬೇಕು ಅಂತ ಕೇಳ್ಕೋತೀನಿ.

ಟೆಕ್ಸಸ್, 2021ರ ಫೆಬ್ರವರಿ. ಭಯಂಕರ ಹಿಮ ಬಿದ್ದು ಗ್ಯಾಸ್ ಬಾವಿ, ಪೈಪು, ಸ್ಥಾವರ ಎಲ್ಲ ಹೆಪ್ಪುಗಟ್ಟಿ ನಲವತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಯ್ತು, ಸತ್ತವ್ರು 246 ಜನ ಅಂತ ರಾಜ್ಯವೇ ಲೆಕ್ಕ ಕೊಟ್ಟಿದೆ. ಅಂಥಾ ಹೊತ್ತಲ್ಲಿ ಸಾಮಾನ್ಯ ದಿನ ಕೆಲವೇ ಸೆಂಟ್ ಇರೋ ಸಗಟು ರೇಟನ್ನ ನಿಯಂತ್ರಕರೇ ಆದೇಶ ಮಾಡಿ ಗರಿಷ್ಠ ಮಿತಿಗೆ, ಅಂದ್ರೆ ಯೂನಿಟ್‌ಗೆ 9 ಡಾಲರ್‌ಗೆ ನಿಲ್ಲಿಸಿದ್ರು, ದಿನಗಟ್ಟಲೆ ಅಲ್ಲೇ ಇತ್ತು. ಗ್ರಿಡ್ಡಿ ಅನ್ನೋ ಕಂಪನಿ ತಿಂಗಳಿಗೆ 9.99 ಡಾಲರ್ ಫೀಸ್ ತಗೊಂಡು ಸಗಟು ರೇಟನ್ನ ಹಾಗ್‌ಹಾಗೇ ಮನೆಗಳಿಗೆ ಕೊಡ್ತಿತ್ತು, ಸುಮಾರು 29,000 ಗ್ರಾಹಕರು. ಒಳ್ಳೇ ದಿನಗಳಲ್ಲಿ ಅವ್ರಿಗೆ ಉಳಿತಾಯ ಆಗಿದ್ದೂ ನಿಜ. ಬೇರೆ ಕಂಪನಿಗೆ ಹೋಗ್ಬಿಡಿ ಅಂತ ಕಂಪನಿಯೇ ಹಿಂದಿನ ದಿನಗಳಲ್ಲಿ ಗ್ರಾಹಕರಿಗೆ ಹೇಳಿತ್ತು, ಆದ್ರೆ ಚಂಡಮಾರುತ ತಲೆ ಮೇಲೆ ಇರೋವಾಗ ಯಾವ ಕಂಪನಿ ಹೊಸಬ್ರನ್ನ ತಗೊಳತ್ತೆ? ಬೆಚ್ಚಗಿರೋಕೆ ಹೀಟರ್ ಹಾಕಿದ ತಪ್ಪಿಗೆ ಒಂದೇ ವಾರಕ್ಕೆ ಸಾವಿರಾರು ಡಾಲರ್ ಬಿಲ್ ಬಂತು. ಕಂಪನಿ ದಿವಾಳಿ ಆಯ್ತು, ಅದೇ ವರ್ಷ ಟೆಕ್ಸಸ್ ಕಾನೂನು ಮಾಡಿ ಇಂಥ ಪ್ಲಾನ್‌ಗಳನ್ನ ಮನೆಗಳಿಗೆ ಮಾರೋ ಹಾಗಿಲ್ಲ ಅಂತು.

ಆದ್ರೆ ಎಲ್ಲರೂ ಗ್ರಿಡ್ಡಿ ಕಥೆ ಹೇಳಿ ಅಲ್ಲಿಗೇ ನಿಲ್ಲಿಸ್ತಾರೆ, ನನಗೆ ಹೆಚ್ಚು ಸಂಕಟ ಆಗೋದು ಅದರ ಮುಂದಿನ ಭಾಗ ಓದಿದಾಗ. ಆ ಮಾರುಕಟ್ಟೆ ಮೇಲೆ ಕಣ್ಣಿಡೋಕೆ ನೇಮಿಸಿದ್ದ ಸ್ವತಂತ್ರ ಸಂಸ್ಥೆಯೇ ಹೇಳ್ತು, ಲೋಡ್ ಶೆಡ್ಡಿಂಗ್ ನಿಂತ ಮೇಲೂ ಗರಿಷ್ಠ ರೇಟನ್ನ 32 ಗಂಟೆ ಸುಮ್ನೆ ಮುಂದುವರಿಸಿದ್ರು, ಇದ್ರಿಂದ 16 ಬಿಲಿಯನ್ ಡಾಲರ್ ಹೆಚ್ಚು ವಸೂಲಾಗಿದೆ ಅಂತ. ನಿಯಂತ್ರಕರು ಆ ರೇಟನ್ನ ತಿದ್ದಲಿಲ್ಲ. ಆಮೇಲೆ ಆ ಖರ್ಚಲ್ಲಿ ದೊಡ್ಡ ಪಾಲನ್ನ ಬಾಂಡ್ ಮಾಡಿ ಮುಂದಿನ ಅನೇಕ ವರ್ಷಗಳ ಬಿಲ್‌ಗಳಿಗೆ ಹಂಚೋಕೆ ದಾರಿ ಮಾಡಿದ್ರು. ಅಂದ್ರೆ ಸ್ಥಿರ ರೇಟಿನ ಪ್ಲಾನ್ ತಗೊಂಡು ನಾನು ಬಚಾವಾದೆ ಅಂದ್ಕೊಂಡವರೂ, ಆ ವಾರ ಒಂದು ಯೂನಿಟ್ ಕರೆಂಟೂ ಸಿಗದೆ ಕತ್ತಲಲ್ಲಿ ನಡುಗಿದವರೂ, ಆಗ ಹುಟ್ಟೇ ಇರದ ಮಕ್ಕಳ ಮನೆಗಳೂ ಅದನ್ನ ಕಟ್ತಾ ಇರ್ತವೆ.

ಬ್ರಿಟನ್‌ದು ಬೇರೆ ಥರ. ಅಲ್ಲಿ 2019ರಿಂದ ಮನೆ ಬಿಲ್‌ಗಳಿಗೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್, ಅಂದ್ರೆ ರೇಟಿಗೆ ಗರಿಷ್ಠ ಮಿತಿ, ಇತ್ತು, ಜನ ಸುರಕ್ಷಿತ ಅಂತ ಎಲ್ಲರೂ ಅಂದ್ಕೊಂಡಿದ್ರು. ಆದ್ರೆ ಕಡಿಮೆ ಬಂಡವಾಳದ ಎಷ್ಟೋ ಸಣ್ಣ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿದ್ರು, ಅವು ಮುಂಚಿತ ಖರೀದಿ ಮಾಡಿರ್ಲಿಲ್ಲ, 2021ರಲ್ಲಿ ಗ್ಯಾಸ್ ರೇಟ್ ಏರಿದ ಕೂಡ್ಲೇ ಒಂದರ ಹಿಂದೆ ಒಂದು ಬಾಗಿಲು ಹಾಕಿದ್ವು, ಸುಮಾರು ಮೂವತ್ತು ಕಂಪನಿ. ಅವುಗಳ ಗ್ರಾಹಕರನ್ನ ಬೇರೆ ಕಂಪನಿಗೆ ಸೇರಿಸಿದ ಖರ್ಚು ಯಾರು ಕೊಟ್ರು? ಉಳಿದ ಎಲ್ಲ ಮನೆಗಳು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಕೊಟ್ಟ ಅಂದಾಜು 2.7 ಬಿಲಿಯನ್ ಪೌಂಡ್, ಒಂದು ಮನೆಗೆ ಸುಮಾರು 94 ಪೌಂಡ್, ಅದೂ ಎಲ್ಲಕ್ಕಿಂತ ದೊಡ್ಡದಾಗಿ ಮುಳುಗಿದ ಬಲ್ಬ್ ಅನ್ನೋ ಕಂಪನಿಯ ಖರ್ಚು ಬಿಟ್ಟು. ಇದನ್ನ ವಸೂಲಿ ಮಾಡಿದ್ದು ಸ್ಟ್ಯಾಂಡಿಂಗ್ ಚಾರ್ಜ್ ಮೂಲಕ, ಅಂದ್ರೆ ಒಂದು ಬಲ್ಬ್ ಉರಿಸೋ ಅಜ್ಜಿಗೂ ದೊಡ್ಡ ಬಂಗಲೆಗೂ ಹೆಚ್ಚು ಕಮ್ಮಿ ಒಂದೇ ಮೊತ್ತ. ಉಳಿತಾಯ ಮಾಡಿ ತಪ್ಪಿಸ್ಕೊಳೋ ದಾರಿಯೂ ಇಲ್ಲ. ಲಾಭ ಬಂದಾಗ ಕಂಪನಿಯ ಮಾಲೀಕರದ್ದು, ನಷ್ಟ ಬಂದಾಗ ಊರೆಲ್ಲರದ್ದು, ಈ ವ್ಯವಸ್ಥೆಗೆ ಸ್ಪರ್ಧೆ ಅಂತ ಹೆಸರು ಇಡೋದು ನ್ಯಾಯ ಅಲ್ಲ.

ಮೂರನೇದು ಕ್ಯಾಲಿಫೋರ್ನಿಯಾ. ಬಿಲ್ ರೇಟ್ ಫ್ರೀಜ್ ಮಾಡಿಬಿಡಿ ಸಾಕು ಅನ್ನೋರಿಗೆ ಇದನ್ನ ಹೇಳ್ಬೇಕು. ಅಲ್ಲಿ 1996ರ ಕಾನೂನಿನ ನಂತರ ಮನೆ ರೇಟ್ ಫ್ರೀಜ್ ಆಗಿತ್ತು, ಆದ್ರೆ ಕಂಪನಿಗಳು ತಮ್ಮ ಸ್ಥಾವರಗಳಲ್ಲಿ ಬಹಳಷ್ಟನ್ನ ಮಾರಿ ದಿನದ ಮಾರುಕಟ್ಟೆಯಿಂದಲೇ ಕೊಳ್ಳೋ ಹಾಗೆ ಮಾಡಿದ್ರು, ದೀರ್ಘಾವಧಿ ಒಪ್ಪಂದಕ್ಕೆ ಹೆಚ್ಚು ಅವಕಾಶ ಇರ್ಲಿಲ್ಲ. 2000ದ ಬೇಸಿಗೇಲಿ ಕೊರತೆ ಬಂತು, ಎನ್ರಾನ್ ಥರದ ವ್ಯಾಪಾರಿಗಳು ಆ ಕೊರತೇನ ಬಳಸ್ಕೊಂಡು ಆಟ ಆಡಿದ್ರು, ಫ್ರೀಜ್ ಮೊದಲೇ ತೆರವಾಗಿದ್ದ ಸ್ಯಾನ್ ಡಿಯಾಗೋದಲ್ಲಿ ಬಿಲ್ ಎರಡು ಮೂರು ಪಟ್ಟಾಯ್ತು. ಫ್ರೀಜ್ ಇದ್ದ ಕಡೆ ಕಂಪನಿಗಳೇ ಕುಸಿದ್ವು, ಪಿಜಿ ಆಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕ್ತು, ಕೊನೆಗೆ ರಾಜ್ಯ ಸರ್ಕಾರವೇ ದುಬಾರಿ ಹೊತ್ತಲ್ಲಿ ವರ್ಷಾನುಗಟ್ಟಲೆ ಒಪ್ಪಂದ ಮಾಡ್ಕೊಂಡು ಆ ಖರ್ಚು ಮತ್ತೆ ಬಿಲ್‌ಗೇ ಬಂತು. ಮೇಲ್ಗಡೆ ಖರೀದಿ ಸರಿ ಇಲ್ದೆ ಕೆಳಗಡೆ ರೇಟ್ ಹಿಡಿದಿಡೋಕಾಗಲ್ಲ.

ಈ ಮೂರರಲ್ಲೂ ಮಾರ್ಕೆಟ್ ರೇಟ್ ಏರಿದ್ದು ಸಮಾನ, ಆದ್ರೆ ಏಟು ಬಿದ್ದ ಜಾಗ ಬೇರೆ ಬೇರೆ, ಬಿದ್ದ ಹೊತ್ತೂ ಬೇರೆ ಬೇರೆ. ಅದನ್ನ ಬೇರೆ ಮಾಡಿದ್ದು ನಿಯಮ. ನನ್ನ ಮಾತು ಇಷ್ಟೇ, ರಿಸ್ಕ್ ಅನ್ನೋದು ಅದನ್ನ ನಿಭಾಯಿಸೋ ಶಕ್ತಿ ಇರೋರ ಹತ್ರ ಇರ್ಬೇಕು. ಗ್ಯಾಸ್ ಟರ್ಮಿನಲ್‌ನಲ್ಲಿ ಏನಾಗ್ತಿದೆ ಅಂತ ಕಂಪನೀಲಿರೋ ಖರೀದಿ ವಿಭಾಗಕ್ಕೆ ಗೊತ್ತಿರತ್ತೆ, ಅವರ ಹತ್ರ ಅನಲಿಸ್ಟ್‌ಗಳಿದ್ದಾರೆ, ಬ್ಯಾಂಕ್ ಸಾಲ ಇದೆ, ಮೂರು ವರ್ಷ ಮುಂಚೆ ಒಪ್ಪಂದ ಮಾಡೋ ಅವಕಾಶ ಇದೆ. ಮನೇಲಿರೋರಿಗೆ ಏನಿದೆ? ಫ್ರಿಜ್ ಆಫ್ ಮಾಡ್ಬೇಕಾ, ಮಗು ಓದೋ ಲೈಟ್ ಆರಿಸ್ಬೇಕಾ, ಉಸಿರಾಟದ ಮಷೀನ್ ಹಾಕ್ಕೊಂಡಿರೋ ವಯಸ್ಸಾದೋರಿಗೆ ಪೀಕ್ ಅವರ್ ಮುಗಿಯೋ ತನಕ ತಡ್ಕೊಳಿ ಅನ್ಬೇಕಾ?

ಇಲ್ಲಿ ಇನ್ನೊಂದು ಮಾತಿದೆ, ಇದರ ಬಗ್ಗೆ ಮುಂದೆ ಜಗಳ ಇನ್ನೂ ಜಾಸ್ತಿ ಆಗತ್ತೆ ಅಂತ ನನಗನ್ಸತ್ತೆ. ಗಂಟೆಗೊಂದು ರೇಟ್ ಇರೋ ಪ್ಲಾನ್‌ಗಳಿಂದ ಲಾಭ ಪಡೆಯೋರು ಯಾರು? ಜರ್ಮನೀಲಿ 2024ರಲ್ಲಿ 457 ಗಂಟೆ ಸಗಟು ರೇಟ್ ಸೊನ್ನೆಗಿಂತ ಕೆಳಗೆ ಹೋಗಿತ್ತು, ಬಿಸಿಲು ಗಾಳಿ ಜಾಸ್ತಿ ಇದ್ದು ತಗೊಳೋರೇ ಇಲ್ಲದ ಗಂಟೆಗಳು. ಆ ಹೊತ್ತಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡೋರು, ಮನೇಲಿ ಬ್ಯಾಟರಿ ಇಟ್ಟಿರೋರು, ಸ್ಮಾರ್ಟ್ ಮೀಟರ್ ಇರೋರು ಅದರ ಲಾಭ ತಗೋತಾರೆ, ತಗೊಳ್ಳಲಿ, ಅದ್ರಿಂದ ಗ್ರಿಡ್‌ಗೂ ಒಳ್ಳೇದೇ. ಆದ್ರೆ ಬಾಡಿಗೆ ಮನೇಲಿ ಎರಡು ಫ್ಯಾನು ಒಂದು ಫ್ರಿಜ್ ಇರೋ ಕುಟುಂಬಕ್ಕೆ ಮುಂದಕ್ಕೆ ಹಾಕೋಕೆ ಏನೂ ಲೋಡೇ ಇಲ್ಲ, ಸಂಜೆ ದುಡಿದು ಬಂದ ಹೊತ್ತೇ ಅವರಿಗೂ ಕರೆಂಟ್ ಬೇಕು, ಅದೇ ದುಬಾರಿ ಹೊತ್ತು. ಇಂಥವ್ರಿಗೂ ಗಂಟೆ ರೇಟನ್ನ ಕಡ್ಡಾಯ ಮಾಡಿ ಇದು ಸಿಗ್ನಲ್ ಅಂತ ಹೇಳಿದ್ರೆ, ಆ ಸಿಗ್ನಲ್‌ಗೆ ಉತ್ತರ ಕೊಡೋ ಸಾಧನವೇ ಅವರ ಹತ್ರ ಇಲ್ವಲ್ಲ. ಆಯ್ಕೆ ಮಾಡ್ಕೊಳೋರಿಗೆ ಇರ್ಲಿ, ಕೇಳದೇ ಇರೋರ ಮೇಲೆ ಹೇರ್ಬೇಡಿ. ಮಾರ್ಕೆಟ್ ತಪ್ಪೇ ಮಾಡಲ್ಲ ಅನ್ನೋ ಹಾಗೂ ಇಲ್ಲ, 2023ರ ನವೆಂಬರ್‌ನಲ್ಲಿ ಫಿನ್ಲೆಂಡಲ್ಲಿ ಒಂದು ಕಂಪನಿ ಬಿಡ್ ಹಾಕೋವಾಗ ತಪ್ಪು ಮಾಡಿದ್ದಕ್ಕೆ ಮಾರನೇ ದಿನದ ರೇಟ್ ಮೆಗಾವ್ಯಾಟ್ ಅವರ್‌ಗೆ ಮೈನಸ್ 500 ಯೂರೋಗೆ ಬಿದ್ದಿತ್ತು. ಅವತ್ತು ಕೆಳಗೆ ಬಿತ್ತು, ಇನ್ನೊಂದು ದಿನ ಇಂಥದ್ದೇ ತಪ್ಪು ಮೇಲಕ್ಕೂ ಹೋಗಬಹುದು.

ಹಾಗಂತ ರೇಟನ್ನ ಪೂರ್ತಿ ಮುಚ್ಚಿಡಿ ಅಂತಾನೂ ನಾನು ಕೇಳ್ತಿಲ್ಲ. ಕೊರತೆ ಇರೋವಾಗ ಕಡಿಮೆ ಬಳಸೋದಕ್ಕೆ ಕಾರಣ ಇರ್ಬೇಕು, ಇಲ್ಲಾಂದ್ರೆ ಖಜಾನೆ ಬರಿದಾಗತ್ತೆ, ಆ ದುಡ್ಡೂ ನಮ್ಮದೇ. ಎರಡನ್ನೂ ಒಟ್ಟಿಗೆ ಮಾಡೋ ದಾರಿ ಇದೆ, ಮಾಡಿ ತೋರಿಸಿದ್ದಾರೆ. ಜರ್ಮನಿ 2023ರಲ್ಲಿ ಮನೆಗಳ ಹಿಂದಿನ ಬಳಕೆಯ 80% ತನಕ ಯೂನಿಟ್‌ಗೆ 40 ಸೆಂಟ್ ಅಂತ ನಿಗದಿ ಮಾಡಿ, ಅದರ ಮೇಲಿನದಕ್ಕೆ ಒಪ್ಪಂದದ ಪೂರ್ತಿ ರೇಟ್ ಇಟ್ಟಿತು. ಆಸ್ಟ್ರಿಯಾ 2022ರ ಡಿಸೆಂಬರ್‌ನಿಂದ ವರ್ಷಕ್ಕೆ 2,900 ಯೂನಿಟ್ ತನಕ 10 ಸೆಂಟ್ ಅಂತ ಮಾಡ್ತು. ನನಗೆ ಆಸ್ಟ್ರಿಯಾದ್ದು ಹೆಚ್ಚು ನ್ಯಾಯ ಅನ್ಸತ್ತೆ, ಯಾಕಂದ್ರೆ ಹಿಂದಿನ ಬಳಕೆ ಲೆಕ್ಕ ತಗೊಂಡ್ರೆ ಮುಂಚೆ ಜಾಸ್ತಿ ಉರಿಸ್ತಿದ್ದೋರಿಗೇ ಜಾಸ್ತಿ ಸಹಾಯ ಹೋಗತ್ತೆ, ಮೊದಲಿಂದ್ಲೂ ಹಿಡಿತದಲ್ಲಿ ಬಳಸಿದೋರಿಗೆ ಕಡಿಮೆ. ಬದುಕೋಕೆ ಬೇಕಾದಷ್ಟು ಯೂನಿಟ್ಟಿಗೆ ರಕ್ಷಣೆ, ಅದರಾಚೆಗೆ ಮಾರ್ಕೆಟ್, ಈ ಗೆರೆ ಎಲ್ಲಿ ಎಳೀಬೇಕು ಅಂತ ಬೇಕಾದ್ರೆ ಜಗಳ ಆಡೋಣ, ಗೆರೆ ಬೇಕಾ ಬೇಡ್ವಾ ಅನ್ನೋದ್ರಲ್ಲಿ ಜಗಳ ಇರ್ಬಾರ್ದು.

ಇನ್ನು ಪಾಸ್ ಥ್ರೂ ವಿಷ್ಯ. ಖರೀದಿ ಖರ್ಚು ಏರಿದ್ರೆ ಅದನ್ನ ತಾನಾಗೇ ಬಿಲ್‌ಗೆ ಹಾಕೋ ನಿಯಮ ಈಗ ತುಂಬಾ ಕಡೆ ಇದೆ. ಭಾರತದಲ್ಲೇ 2022ರ ಕೊನೇಲಿ ಬಂದ ತಿದ್ದುಪಡಿ ನಿಯಮದ ಪ್ರಕಾರ ಇಂಧನ ಮತ್ತೆ ವಿದ್ಯುತ್ ಖರೀದಿ ವೆಚ್ಚದ ವ್ಯತ್ಯಾಸ ತಿಂಗಳಾ ತಿಂಗಳಾ ಬಿಲ್‌ಗೆ ಬರತ್ತೆ. ಅದೇ ವರ್ಷ ಮಾರ್ಚ್‌ನಲ್ಲಿ ಇಲ್ಲಿನ ವಿದ್ಯುತ್ ಎಕ್ಸ್‌ಚೇಂಜ್‌ನಲ್ಲಿ, ಅಂದ್ರೆ ಕರೆಂಟ್ ಹರಾಜಾಗೋ ಜಾಗದಲ್ಲಿ, ರೇಟ್ ಯೂನಿಟ್‌ಗೆ 20 ರೂಪಾಯಿ ಮುಟ್ಟಿತ್ತು, ಏಪ್ರಿಲ್‌ನಲ್ಲಿ ಕೇಂದ್ರ ಆಯೋಗ 12 ರೂಪಾಯಿ ಮಿತಿ ಹಾಕ್ತು, 2023ರಲ್ಲಿ 10ಕ್ಕೆ ಇಳಿಸ್ತು. ಇಲ್ಲಿ ಬಹುಪಾಲು ಕರೆಂಟು ದೀರ್ಘಾವಧಿ ಒಪ್ಪಂದದಲ್ಲಿ ಬರೋದ್ರಿಂದ ಏಟು ಸ್ವಲ್ಪ ಮೆತ್ತಗೆ ಬೀಳತ್ತೆ, ಅದು ಒಳ್ಳೇದೇ. ಕಂಪನಿ ಮುಳುಗಬಾರ್ದು ಅಂದ್ರೆ ಪಾಸ್ ಥ್ರೂ ಬೇಕು, ಒಪ್ಕೋತೀನಿ, ಬ್ರಿಟನ್ ಕಥೆ ಹೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ. ಆದ್ರೆ ಏನೇ ಖರ್ಚಾದ್ರೂ ಗ್ರಾಹಕರಿಂದ ಬರತ್ತೆ ಅಂತ ಗ್ಯಾರಂಟಿ ಕೊಟ್ಬಿಟ್ರೆ, ಹುಷಾರಾಗಿ ಮುಂಚೆ ಖರೀದಿ ಮಾಡೋಕೆ ಕಂಪನಿಗೆ ಯಾವ ಕಾರಣ ಉಳಿಯತ್ತೆ? ಏರಿದ್ದು ಮಾರನೇ ತಿಂಗಳೇ ಬಿಲ್‌ಗೆ ಬಂದು, ಇಳಿದಿದ್ದು ಮುಂದಿನ ವರ್ಷದ ಲೆಕ್ಕಾಚಾರದಲ್ಲಿ ನೋಡೋಣ ಅಂತ ಮುಂದಕ್ಕೆ ಹೋದ್ರೆ ಅದನ್ನ ಪಾಸ್ ಥ್ರೂ ಅನ್ನೋಕಾಗಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳ್ಕೊಳೋದು ಇದು. ಮನೆಗಳಿಗೆ ಕರೆಂಟ್ ಮಾರೋ ಪ್ರತಿ ಕಂಪನಿಯೂ ಮುಂದಿನ ಅವಧಿಗೆ ಬೇಕಾದ ಕರೆಂಟಲ್ಲಿ ಎಷ್ಟು ಪಾಲು ಮುಂಚಿತವಾಗಿ ಖರೀದಿ ಮಾಡಿರ್ಲೇಬೇಕು ಅಂತ ಕನಿಷ್ಠ ಮಿತಿ ಇಡಿ, ಮಾಡದೇ ಇದ್ರೆ ಆ ನಷ್ಟ ಷೇರುದಾರರದ್ದು, ಬಿಲ್‌ಗೆ ಬರೋ ಹಾಗಿಲ್ಲ ಅಂತ ಬರೆಯಿರಿ. ಯುರೋಪಿಯನ್ ಯೂನಿಯನ್ 2024ರ ಸುಧಾರಣೇಲಿ ಕಂಪನಿಗಳು ಹೆಡ್ಜಿಂಗ್ ಯೋಜನೆ ಇಟ್ಕೊಬೇಕು, ಸ್ಥಿರ ರೇಟಿನ ಒಪ್ಪಂದ ಕೇಳೋ ಹಕ್ಕು ಗ್ರಾಹಕರಿಗಿದೆ ಅಂತ ಬರೆದಿದೆ, ಬೇರೆ ಕಡೆ ಬರೆಯೋಕೆ ಏನು ಅಡ್ಡಿ? ಹೊಸ ಗಾಳಿ, ಸೋಲಾರ್ ಸ್ಥಾವರಗಳ ಜೊತೆ ಮಾಡೋ ಒಪ್ಪಂದ ಎರಡೂ ಕಡೆ ಕೆಲ್ಸ ಮಾಡೋ ಥರ ಇರ್ಲಿ, ಸಗಟು ರೇಟ್ ಒಪ್ಪಂದದ ರೇಟಿಗಿಂತ ಕೆಳಗಿದ್ರೆ ಅವರಿಗೆ ತುಂಬಿಕೊಡಿ, ಮೇಲೆ ಹೋದ್ರೆ ಅವರು ವಾಪಸ್ ಕೊಡ್ಲಿ. ಬ್ರಿಟನ್‌ನಲ್ಲಿ ಇಂಥ ಒಪ್ಪಂದ ಇದ್ದ ಗಾಳಿ ಸ್ಥಾವರಗಳು 2021-22ರ ಚಳಿಗಾಲದಲ್ಲಿ ನಿಜವಾಗ್ಲೂ ದುಡ್ಡು ವಾಪಸ್ ಕೊಟ್ವು, ಬಿಲ್ ಏರ್ತಿದ್ದ ಹೊತ್ತಲ್ಲೇ.

ಮಾರ್ಕೆಟ್ ಹುಚ್ಚು ಹಿಡಿದ ತಿಂಗಳುಗಳಲ್ಲಿ ಬಿಲ್ ಕಟ್ಟೋಕಾಗದ ಮನೆಗಳ ಕನೆಕ್ಷನ್ ಕತ್ತರಿಸ್ಬೇಡಿ, ಕಂತು ಕೊಡಿ. ತುರ್ತು ಹೊತ್ತಲ್ಲಿ ಗರಿಷ್ಠ ರೇಟ್ ಯಾವಾಗ ಶುರು ಯಾವಾಗ ಮುಗಿಯತ್ತೆ ಅಂತ ಮುಂಚೇನೇ ಬರೆದಿಡಿ, ಟೆಕ್ಸಸ್‌ನ ಆ 32 ಗಂಟೆ ಇನ್ಯಾರಿಗೂ ಬರ್ಬಾರ್ದು. ಕಂಪನಿ ಮುಳುಗಿದ ಖರ್ಚನ್ನ ಫಿಕ್ಸೆಡ್ ಚಾರ್ಜಲ್ಲಿ ಹಂಚ್ಬೇಡಿ.

ಮತ್ತೆ ಬಿಲ್. ಸರ್‌ಚಾರ್ಜ್ ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ, ಇಷ್ಟು ಸಾಕಾಗಲ್ಲ. ಈ ತಿಂಗಳು ನಾನು ಬಳಸಿದ ಯೂನಿಟ್‌ಗಳಲ್ಲಿ ದೀರ್ಘಾವಧಿ ಒಪ್ಪಂದದಿಂದ ಎಷ್ಟು ಬಂತು, ಯಾವ ರೇಟಿಗೆ, ಸ್ಪಾಟ್ ಮಾರ್ಕೆಟ್‌ನಿಂದ ಎಷ್ಟು, ಯಾವ ರೇಟಿಗೆ, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು, ಇಷ್ಟನ್ನ ನಮ್ಮ ಭಾಷೇಲಿ ನಾಲ್ಕು ಸಾಲಲ್ಲಿ ಹಾಕಿ. ಈ ಅಂಕಿ ಎಲ್ಲ ನಿಮ್ಮ ಕಡತದಲ್ಲಿ ಈಗಾಗ್ಲೇ ಇದೆ, ಕಂಪನಿಗಳು ದರ ಏರಿಸಿ ಅಂತ ಅರ್ಜಿ ಕೊಡೋವಾಗ ನಿಮಗೆ ಕೊಟ್ಟೇ ಕೊಡ್ತಾರೆ. ಮುಂದಿನ ದರ ಪರಿಷ್ಕರಣೆಯ ಕರಡು ಹೊರಗೆ ಬಿಡೋವಾಗ ಇದನ್ನೂ ಒಂದು ಪುಟ ಸೇರಿಸಿ ಬಿಡಿ, ಸಾರ್ವಜನಿಕ ವಿಚಾರಣೆಗೆ ನಾವು ಆ ಪುಟ ಓದ್ಕೊಂಡು ಬರ್ತೀವಿ.

ಇತಿ,
ಬಿಲ್ ಕಟ್ಟೋ ಒಬ್ಬ ಮನೆಗ್ರಾಹಕ